ದುಡಿಮೆ, ಮೈನೋವು ಮತ್ತು ಸಸ್ಯಮೂಲ ಆಹಾರ: ಚಿತ್ರದುರ್ಗ ಸೀಮೆಯ ಹಿರಿಯ ಮಹಿಳೆಯರನ್ನು ಕುರಿತು

ಜನಪದ ವೈದ್ಯದ ಸಂಗ್ರಹಗಳಲ್ಲಿ ಬಾಣಂತಿಯ ಮದ್ದು, ಎಳೆಗೂಸಿನ ಮದ್ದು ವಿಪುಲವಾಗಿ ದಾಖಲಾಗಿವೆ. ಹೆರಿಗೆಯ ವಯಸ್ಸು ಮುಗಿದ ಮೇಲೂ ದುಡಿಯುವ ಹೆಂಗಸಿನ ಮೈನೋವಿಗೆ ಅಂತಹ ಗಮನ ದೊರೆತಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಈ ಕೊರತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆ ಮುಖ್ಯವಾಗಿ ಮಳೆಯಾಶ್ರಿತ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ವೇದಾವತಿಯ ನೀರನ್ನು ಹಿರಿಯೂರಿನ ಬಯಲಿಗೆ ಹರಿಸಿತಾದರೂ ಹೊಲದ ಬದುಕಿಗೆ ರಾಗಿ, ಹುರುಳಿ, ಶೇಂಗಾಗಳೇ ಆಧಾರ. ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುವುದು, ಶೇಂಗಾ ಬಿಡಿಸುವುದು, ಹೊಳಲ್ಕೆರೆ, ಭೀಮಸಮುದ್ರಗಳ ಕಡೆ ಅಡಿಕೆ ಸುಲಿಯುವುದು ಬಹುಮಟ್ಟಿಗೆ ಹೆಂಗಸರ ಪಾಲಿನ ಕೆಲಸ. ಬಿಡುವಿನ ನಂತರ ಒಮ್ಮೆಲೇ ಇಂತಹ ದುಡಿಮೆಗೆ ಇಳಿದಾಗ ಸ್ನಾಯುತಂತುಗಳಿಗೆ ಸೂಕ್ಷ್ಮ ಹಾನಿಯಾಗಿ, ಒಂದರಿಂದ ಮೂರು ದಿನಗಳೊಳಗೆ ನೋವು ಹೆಚ್ಚುತ್ತದೆ. ಮುಟ್ಟು ನಿಂತ ಬಳಿಕ ಸ್ನಾಯು ಸವೆಯುವ ವೇಗವೂ ಹೆಚ್ಚುವುದರಿಂದ ಚೇತರಿಕೆ ನಿಧಾನವಾಗುತ್ತದೆ.

ಇದಕ್ಕೆ ರೂಢಿಯಲ್ಲಿರುವ ಉಪಚಾರಗಳು ಎರಡು ಬಗೆ. ಲಕ್ಕಿಸೊಪ್ಪು ಕುದಿಸಿದ ನೀರಿನ ಸ್ನಾನ, ಹರಳೆಣ್ಣೆಯ ನೀವಿಕೆ ಹೊರಗಿನವು. ಅರಿಶಿನ ಮೆಣಸುಗಳ ಕಷಾಯ, ಹುರುಳಿಕಟ್ಟಿನ ಸಾರು, ಎಳ್ಳುಬೆಲ್ಲದ ಉಂಡೆ ಒಳಗಿನವು.

ಕಷಾಯದ ಜೋಡಣೆಗೆ ವೈಜ್ಞಾನಿಕ ಆಧಾರವುಂಟು. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಅದರ ಲಭ್ಯತೆ ಶೇಕಡಾ 2000ರಷ್ಟು ಹೆಚ್ಚಿತೆಂದು ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ವರದಿ ಮಾಡಿದರು. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ 3ರ ಆಸುಪಾಸು. ಒಂದು ಚಿಟಿಕೆ ಆ ಪ್ರಮಾಣವನ್ನು ಮುಟ್ಟದು. ವ್ಯಾಯಾಮದ ನೋವು ತಗ್ಗುತ್ತದೆಂಬ ಅಧ್ಯಯನಗಳೂ ಚಿಕ್ಕವು, ಬಹುಪಾಲು ಯುವಜನರ ಮೇಲೆ ನಡೆದವು. ಸಾಂದ್ರ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಸಂಗಗಳು ವರದಿಯಾಗಿರುವುದರಿಂದ ಅಡುಗೆಮನೆಯ ಅಳತೆಯನ್ನೂ ಅಂಗಡಿಯ ಗುಳಿಗೆಯನ್ನೂ ಒಂದೆಂದು ಭಾವಿಸಲಾಗದು.

ಸ್ನಾಯುವಿನ ದುರಸ್ತಿಗೆ ಮುಖ್ಯವಾದುದು ಪ್ರೋಟೀನು. ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಸೂಚಿಸಿತು; 50 ಕಿಲೋ ತೂಗುವವಳಿಗೆ 50ರಿಂದ 60 ಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 7, ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ. ರಾಗಿಯಲ್ಲಿ ಕೊರತೆಯಿರುವ ಲೈಸಿನ್ ಹುರುಳಿಯಲ್ಲಿ ಹೆಚ್ಚಿರುವುದರಿಂದ ಮುದ್ದೆ ಮತ್ತು ಹುರುಳಿಸಾರಿನ ಜೋಡಿ ಅರ್ಥಪೂರ್ಣ. ಆದರೂ 200 ಗ್ರಾಂ ಹಿಟ್ಟಿನ ಮುದ್ದೆ, 50 ಗ್ರಾಂ ಹುರುಳಿ ಸೇರಿ ಒದಗುವುದು ಸುಮಾರು 25 ಗ್ರಾಂ, ಅಗತ್ಯದ ಅರ್ಧ ಮಾತ್ರ. ಬಸಿದ ಕಟ್ಟಿಗಿಂತ ಕಾಳಿನಲ್ಲಿಯೇ ಪ್ರೋಟೀನು ಉಳಿಯುವುದರಿಂದ, ಕಟ್ಟಷ್ಟೇ ಬಡಿಸಿಕೊಂಡವಳಿಗೆ ಅಷ್ಟೂ ದಕ್ಕದು.

ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿಯಿರುವ ಮನೆಯಲ್ಲಿ ಈ ಪ್ರಶ್ನೆ ಮದ್ದಿನದಲ್ಲ, ಪಾಲಿನದು. ಆದುದರಿಂದ ಕ್ಷೇತ್ರಕಾರ್ಯ ಕೈಗೊಳ್ಳುವವರು ಮದ್ದಿನ ಹೆಸರು, ಸಾಮಗ್ರಿಗಳೊಡನೆ ಅದನ್ನು ಯಾರು, ಯಾವಾಗ, ಎಷ್ಟು ಸೇವಿಸಿದರೆಂಬುದನ್ನೂ ದಾಖಲಿಸಬೇಕು. ಆಗ ಮಾತ್ರ ಆ ತಿಳಿವಳಿಕೆಯನ್ನು ಉಳಿಸಿಕೊಂಡು ಬಂದ ಹೆಂಗಸರಿಗೆ ಅದರ ಫಲ ಎಷ್ಟು ದಕ್ಕಿದೆಯೆಂಬುದು ಸ್ಪಷ್ಟವಾಗುತ್ತದೆ.