ದೇವಾಲಯದ ಅಂಗಳ, ಆಟದ ಬಯಲು

ಕೃಷ್ಣರಾಜನಗರದ ತಾಲ್ಲೂಕಿನಲ್ಲಿ ಡೋರನಹಳ್ಳಿಯೆಂಬ ಊರಿದೆ. ಅಲ್ಲಿನ ಸಂತ ಅಂತೋಣಿಯವರ ದೇವಾಲಯವನ್ನು ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಜೂನ್ 13ರ ಉತ್ಸವಕ್ಕೆ ಕ್ರೈಸ್ತರು ಮಾತ್ರವಲ್ಲ, ಸುತ್ತಣ ಸೀಮೆಯ ಎಲ್ಲ ಮತದವರೂ ಹರಕೆ ಹೊತ್ತು ಬರುವರು. 2019ರಲ್ಲಿ ಅದಕ್ಕೆ ಬಸಿಲಿಕಾ ಎಂಬ ಪದವಿಯೂ ದೊರೆಯಿತು. ಆ ಕ್ಷೇತ್ರದ ಐತಿಹ್ಯವು ಸ್ವಾರಸ್ಯವಾದುದು. ರೈತನೊಬ್ಬನು ಹೊಲವನ್ನು ಉಳುತ್ತಿದ್ದಾಗ ಮಣ್ಣಿನಿಂದ ಮರದ ಮೂರ್ತಿಯೊಂದು ಮೇಲಕ್ಕೆದ್ದಿತಂತೆ. ಅದು ಯಾರದೆಂದು ಅರಿಯದೆ ಅವನು ಬೊಂಬೆಯೆಂದು ಬಗೆದು ಮಕ್ಕಳ ಕೈಗೆ ಕೊಟ್ಟನಂತೆ. ಮಕ್ಕಳು ಮನಸಾರ ಆಡಿದ ಮೇಲೆಯೇ ಕನಸಿನಲ್ಲಿ ಅಪ್ಪಣೆಯಾಗಿ ಅದು ಪೂಜೆಗೊಂಡುದು. ಚರಿತ್ರಕಾರರು ಇದನ್ನು ಒಪ್ಪಲಿ ಬಿಡಲಿ, ಭಕ್ತಿಗಿಂತ ಮೊದಲು ಆಟವನ್ನಿಟ್ಟಿರುವ ಈ ಕಥೆ ನಮಗೆ ಬಹಳ ಹಿಡಿಸಿದೆ.

ಅದೇ ಸೀಮೆಯಲ್ಲಿ, ಪಿರಿಯಾಪಟ್ಟಣದ ಹಾರನಹಳ್ಳಿಯ ಕಡೆಯಿಂದ ಹುಣಸೂರಿನವರೆಗೆ, ಸಂಜೆಯ ಹೊತ್ತು ಸಂಚರಿಸಿದವರು ಇನ್ನೊಂದು ನೋಟವನ್ನೂ ಬಲ್ಲರು. ಹೊಗೆಸೊಪ್ಪಿನ ಹೊಲಗಳ ಅಂಚಿನಲ್ಲಿಯೋ ಶಾಲೆಯ ಬಯಲಿನಲ್ಲಿಯೋ ಎರಡು ಗೂಟ, ನಡುವೆ ಬಲೆ, ಧೂಳಿನಲ್ಲಿ ಹನ್ನೆರಡು ಮಂದಿ ಹುಡುಗರು. ವಾಲಿಬಾಲನ್ನು ಅವರು ಕಬಡ್ಡಿಯಷ್ಟೇ ತಮ್ಮದೆಂದು ತಿಳಿದಿದ್ದಾರೆ. ಅದು ಹುಟ್ಟಿದ್ದು ಕ್ರೈಸ್ತ ಯುವಕರ ಸಂಘವೊಂದರ ಮನೆಯಲ್ಲಿ ಎಂದು ಹೇಳಿದರೆ ಅವರಿಗೆ ನಗು ಬಂದೀತು.

ವೈ.ಎಂ.ಸಿ.ಎ. ಎಂದು ಹೆಸರಾದ ಆ ಸಂಘವನ್ನು 1844ರಲ್ಲಿ ಲಂಡನ್ ನಗರದಲ್ಲಿ ಜಾರ್ಜ್ ವಿಲಿಯಮ್ಸ್ ಎಂಬ ಜವಳಿ ಅಂಗಡಿಯ ನೌಕರನು ಸಂಗಡಿಗರೊಡನೆ ಸ್ಥಾಪಿಸಿದನು. ಆಗ ಅಲ್ಲಿ ಪ್ರಾರ್ಥನೆಯೂ ಬೈಬಲ್ ವ್ಯಾಸಂಗವೂ ಇದ್ದುವೇ ಹೊರತು ಚೆಂಡಿನ ಸುಳಿವಿರಲಿಲ್ಲ. ವ್ಯಾಯಾಮಶಾಲೆ ಸೇರಿದುದು ಮುಂದೆ, ಮುಖ್ಯವಾಗಿ ಅಮೆರಿಕದಲ್ಲಿ. ದೇಹ, ಮನಸ್ಸು, ಆತ್ಮಗಳ ಸಂಕೇತವಾದ ತ್ರಿಕೋನವನ್ನು ಲೂಥರ್ ಗುಲಿಕ್ ಎಂಬವರು ಅದಕ್ಕೆ ಲಾಂಛನವಾಗಿ ಕೊಟ್ಟರು. ನಮ್ಮವರಿಗೆ ಇದರಲ್ಲಿ ಅಚ್ಚರಿಪಡತಕ್ಕದ್ದೇನೂ ಇಲ್ಲ. ಹನುಮಂತನಿಗೆ ಕೈಮುಗಿಯದೆ ಕೆಮ್ಮಣ್ಣಿಗೆ ಇಳಿಯದ ಮೈಸೂರಿನ ಗರಡಿಯವರು ಈ ಮಾತನ್ನು ತ್ರಿಕೋನವಿಲ್ಲದೆಯೇ ಅರಿತಿದ್ದರು. ಆದರೆ ಗರಡಿಯಲ್ಲಿ ಒಬ್ಬನಿಗೆ ಒಬ್ಬನು ಎದುರು. ಗೆದ್ದವನು ಒಬ್ಬನೇ ಗೆಲ್ಲುವನು. ಆ ಸಂಘದ ಮನೆಯಲ್ಲಿ ಹುಟ್ಟಿದ್ದು ಬೇರೆ ಬಗೆಯ ಆಟ.

ಗುಲಿಕ್ಕರ ಕೈಕೆಳಗೆ ಸ್ಪ್ರಿಂಗ್‌ಫೀಲ್ಡ್ ಊರಿನ ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಯ್‌ಸ್ಮಿತ್ ಎಂಬ ಉಪಾಧ್ಯಾಯನಿದ್ದನು. ದೇವತಾಶಾಸ್ತ್ರವನ್ನು ಓದಿದ್ದರೂ ಉಪದೇಶಪೀಠವನ್ನು ಬಿಟ್ಟು ವ್ಯಾಯಾಮಶಾಲೆಯನ್ನು ಆರಿಸಿಕೊಂಡಿದ್ದವನು. 1891ರ ಡಿಸೆಂಬರಿನ ಚಳಿಯಲ್ಲಿ ಒಳಾಂಗಣದಲ್ಲಿ ಆಡಬಹುದಾದ, ಕೈಕಾಲು ಮುರಿಯದ ಆಟವೊಂದನ್ನು ಅವನು ಕಟ್ಟಬೇಕಾಯಿತು. ಅವನ ತರ್ಕ ಸರಳವಾದುದು: ಚೆಂಡನ್ನು ಹಿಡಿದು ಓಡುವುದರಿಂದಲೇ ಓಡುವವನನ್ನು ಕೆಡಹಬೇಕಾಗುತ್ತದೆ, ಓಟವನ್ನು ನಿಷೇಧಿಸಿದರೆ ಕೆಡಹುವ ಕಾರಣವೇ ಇರದು. ಹದಿಮೂರು ನಿಯಮಗಳು, ಪೀಚ್ ಹಣ್ಣಿನ ಎರಡು ಬುಟ್ಟಿಗಳು, ಹದಿನೆಂಟು ಮಂದಿ ಶಿಷ್ಯರು. ಇಷ್ಟರಿಂದ ಬಾಸ್ಕೆಟ್‌ಬಾಲ್ ಹುಟ್ಟಿತು. ಇದು ತಮಗೆ ಆಯಾಸಕರವೆಂದ ನಡುವಯಸ್ಸಿನ ವ್ಯಾಪಾರಿಗಳಿಗಾಗಿ 1895ರಲ್ಲಿ ವಿಲಿಯಂ ಮಾರ್ಗನ್ ಎಂಬ ಅದೇ ಸಂಘದವನು ಹೋಲಿಯೋಕ್ ಊರಿನಲ್ಲಿ ವಾಲಿಬಾಲನ್ನು ಹೂಡಿದನು. ನಡುವೆ ಬಲೆ ಬಂದುದರಿಂದ ಎದುರಾಳಿಯ ಮೈಯನ್ನು ಮುಟ್ಟುವ ಪ್ರಸಂಗವೇ ತಪ್ಪಿತು.

ಮೈ ಮುಟ್ಟದಿದ್ದರೂ ಚೆಂಡನ್ನು ಎಲ್ಲರೂ ಮುಟ್ಟಲೇಬೇಕು. ನಮ್ಮ ದೇಶಕ್ಕೆ ಇದು ಸಣ್ಣ ಮಾತಲ್ಲ. 1891ರಲ್ಲಿಯೇ ಶ್ರೀನಗರದ ಮಿಷನ್ ಶಾಲೆಯಲ್ಲಿ ಟಿಂಡೇಲ್ ಬಿಸ್ಕೋ ಎಂಬ ಪಾದ್ರಿಯು ಫುಟ್‌ಬಾಲನ್ನು ತಂದಾಗ, ಅದು ಚರ್ಮದ್ದೆಂದು ತಿಳಿದ ಬ್ರಾಹ್ಮಣ ಬಾಲಕರು ಮೈಲಿಗೆಯೆಂದು ಹಿಂಜರಿದರು. ಅವನು ಉಪಾಧ್ಯಾಯರ ಕೈಗೆ ಕೋಲು ಕೊಟ್ಟು ಸುತ್ತ ನಿಲ್ಲಿಸಿ ಆಡಿಸಿದನು. ಚೆಂಡು ಒಬ್ಬನ ಮುಖಕ್ಕೆ ತಗಲಲು ಆಟ ನಿಂತು ಅಳುವಾಯಿತು. ಮುಖ ತೊಳೆದುಕೊಂಡು ಬಂದ ಮೇಲೆ ಮತ್ತೆ ಆಟ. ಕಾಲಾಂತರದಲ್ಲಿ ಕಾಶ್ಮೀರದ ಹುಡುಗರು ಫುಟ್‌ಬಾಲನ್ನು ಮೆಚ್ಚಿದರೆಂಬುದು ನಿಜ. ಆದರೂ ಕೋಲಿನಿಂದ ಕಲಿಸಿದ ಸೋದರಭಾವವನ್ನು ನಾವು ಹೊಗಳಲಾರೆವು.

ವಾಲಿಬಾಲಿಗೆ ಕೋಲು ಬೇಕಾಗಲಿಲ್ಲ. ಒಂದು ಕಡೆಯವರು ಮೂರು ಸಲಕ್ಕಿಂತ ಹೆಚ್ಚಾಗಿ ಚೆಂಡನ್ನು ಮುಟ್ಟಕೂಡದು ಎಂಬ ನಿಯಮವು 1920ರ ವೇಳೆಗೆ ನೆಲೆಗೊಂಡಿತು. ಒಬ್ಬನೇ ಒಂದರ ಮೇಲೊಂದು ಸಲ ಹೊಡೆಯುವಂತೆಯೂ ಇಲ್ಲ. ಎಂದ ಮೇಲೆ ಎಷ್ಟೇ ಗಟ್ಟಿಗನಾದರೂ ಚೆಂಡನ್ನು ಪಕ್ಕದವನಿಗೆ ಎತ್ತಿಕೊಡಬೇಕು, ಪಕ್ಕದವನಿಂದ ಪಡೆಯಬೇಕು. ಸರದಿಯಂತೆ ಎಲ್ಲರೂ ಹಿಂದಿನ ಸಾಲಿಗೂ ಹೋಗಬೇಕು, ಮುಂದಿನ ಸಾಲಿಗೂ ಬರಬೇಕು. ಕೇರಿಗೊಂದು ಬಾವಿಯಿದ್ದ ನಾಡಿನಲ್ಲಿ ಇಂಥ ನಿಯಮವು ಯಾವ ಉಪದೇಶವೂ ಇಲ್ಲದೆ ಮಾಡಬಹುದಾದ ಕೆಲಸವನ್ನು ಯೋಚಿಸಿ ನೋಡಬೇಕು. ಇಲ್ಲಿ ಚರ್ಚಿನವರೇ ಪರಿಶುದ್ಧರೆಂದು ನಾವು ಹೇಳುತ್ತಿಲ್ಲ. ದಕ್ಷಿಣದ ಎಷ್ಟೋ ದೇವಾಲಯಗಳಲ್ಲಿ ಕ್ರೈಸ್ತರೇ ಜಾತಿಗನುಸಾರವಾಗಿ ಬೇರೆ ಬೇರೆ ಕುಳಿತ ಕಾಲವಿತ್ತು. ಈ ವಿಷಯದಲ್ಲಿ ಬಲೆಯ ಪಕ್ಕದ ಅಂಗಳವು ಒಮ್ಮೊಮ್ಮೆ ಪೂಜೆಯ ಪೀಠಕ್ಕಿಂತ ಮುಂದಿತ್ತು.

ಈ ಆಟಗಳು ದಕ್ಷಿಣದ ಶಾಲೆಗಳಿಗೆ ಹರಡಲು ಮುಖ್ಯ ಕಾರಣರು ಹ್ಯಾರಿ ಕ್ರೋ ಬಕ್. ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಅವರು 1920ರಲ್ಲಿ ಮದರಾಸಿನಲ್ಲಿ ಸಂಘದ ವತಿಯಿಂದ ಅಂಗಸಾಧನೆಯ ಶಾಲೆಯನ್ನು ತೆರೆದು, 1943ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಬೆಳೆಸಿದರು. ಅಲ್ಲಿ ಕಲಿತವರಲ್ಲಿ ಎಲ್ಲ ಮತದವರೂ ಇದ್ದರು. ಆಟದ ನೆಪದಿಂದ ಮತಕ್ಕೆ ಸೆಳೆಯುವರೆಂಬ ಶಂಕೆ ಈ ದೇಶದಲ್ಲಿ ಹಳೆಯದು, ಅದು ಎಲ್ಲೆಡೆಯೂ ನಿರಾಧಾರವಾಗಿರಲೂ ಇಲ್ಲ. ಗಾಳದ ತುದಿಗೆ ಚೆಂಡನ್ನು ಕಟ್ಟಿದವರಿಗೆ ಕೊನೆಗೆ ಆಟವೂ ದಕ್ಕದು, ಹುಡುಗನೂ ದಕ್ಕನು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಎದುರಾದ ಇನ್ನೊಂದು ತಪ್ಪೂ ಉಂಟು: ನಮ್ಮ ಬಯಲು ನಮ್ಮ ಮಕ್ಕಳಿಗೆ ಮಾತ್ರ ಎಂದು ಬೇಲಿ ಹಾಕುವುದು. ಇದನ್ನು ಎಲ್ಲ ಮತದವರೂ ಮಾಡಬಲ್ಲರು.

1924ರಲ್ಲಿ ಬಕ್ ಅವರು ಭಾರತದ ಓಟಗಾರರನ್ನು ಪ್ಯಾರಿಸ್ಸಿನ ಒಲಿಂಪಿಕ್ ಪಂದ್ಯಗಳಿಗೆ ಕರೆದೊಯ್ದರು. ಅದೇ ಪಂದ್ಯಗಳಲ್ಲಿ ಎರಿಕ್ ಲಿಡೆಲ್ ಎಂಬ ಸ್ಕಾಟ್ ತರುಣನು, ಪ್ರಾಥಮಿಕ ಸುತ್ತು ಭಾನುವಾರ ಬೀಳುವುದೆಂದು 100 ಮೀಟರಿನ ಓಟವನ್ನೇ ಬಿಟ್ಟು, 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನದ ಪದಕವನ್ನು ಪಡೆದನು. ಈ ಕಥೆ ಎಲ್ಲರಿಗೂ ಗೊತ್ತು. ಇದರ ಉತ್ತರಾರ್ಧವನ್ನು ಬಲ್ಲವರು ಕಡಮೆ. ಮರುವರ್ಷ ಅವನು ಉಪಾಧ್ಯಾಯನಾಗಿ ಚೀನಕ್ಕೆ ಹೋದನು; 1943ರಲ್ಲಿ ಜಪಾನೀಯರು ಅವನನ್ನು ವೇಹ್ಸಿಯನ್ ಶಿಬಿರದಲ್ಲಿ ಸೆರೆಯಿಟ್ಟರು. ಅಲ್ಲಿ ಹುಡುಗರಿಗೆ ಆಟವಾಡಿಸುತ್ತಿದ್ದವನು ಅವನೇ, ಆದರೆ ಭಾನುವಾರ ಮಾತ್ರ ಇಲ್ಲ. ಒಂದು ಭಾನುವಾರ ಹುಡುಗರು ತಾವೇ ಹಾಕಿಯನ್ನು ಆಡಲು ಹೊರಟರು. ತೀರ್ಪುಗಾರನಿಲ್ಲದೆ ಆಟ ಹೊಡೆದಾಟಕ್ಕೆ ತಿರುಗಿತು. ಮುಂದಿನ ಭಾನುವಾರ ಅವರು ಬಯಲಿಗೆ ಬಂದಾಗ, ತೀರ್ಪು ಕೊಡಲು ಲಿಡೆಲ್ ಅಲ್ಲಿ ನಿಂತಿದ್ದನು.