ಆಹಾರದ ಪೆಪ್ಟೈಡುಗಳೂ ಹೃದಯರಕ್ಷಣೆಯೂ

ಹೃದಯವು ಸದಾ ರಕ್ತದಿಂದ ತುಂಬಿರುವ ಅಂಗವಾದರೂ ಆ ರಕ್ತವು ಅದರ ದಪ್ಪ ಸ್ನಾಯುವಿಗೆ ನೇರವಾಗಿ ಒದಗುವುದಿಲ್ಲ. ಸ್ನಾಯುವಿನ ಪೋಷಣೆಗೆ ಪರಿಧಮನಿಗಳೆಂಬ ಪ್ರತ್ಯೇಕ ನಾಳಗಳೇ ಆಧಾರ. ಇವುಗಳಲ್ಲೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ ಅದರ ಆಶ್ರಯದಲ್ಲಿದ್ದ ಭಾಗಕ್ಕೆ ಆಮ್ಲಜನಕವು ನಿಂತುಹೋಗುತ್ತದೆ. ನಾಯಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಇಂಥ ತಡೆಯು ಸುಮಾರು 20 ನಿಮಿಷಗಳನ್ನು ಮೀರಿದೊಡನೆ ಜೀವಕೋಶಗಳು ಸಾಯತೊಡಗುವುದೂ ಹಾನಿಯು ಒಳಪದರದಿಂದ ಹೊರಪದರದತ್ತ ಹಬ್ಬುವುದೂ ಕಂಡುಬಂದಿದೆ. ನಾಳವನ್ನು ಬೇಗನೆ ತೆರೆಯುವುದೇ ಮುಖ್ಯ ಚಿಕಿತ್ಸೆ. ಆದರೆ ರಕ್ತವು ಮರಳಿ ನುಗ್ಗುವಾಗಲೂ ಕೋಶಗಳಲ್ಲಿ ಕ್ಯಾಲ್ಸಿಯಂ ಮಿತಿಮೀರಿ, ಆಮ್ಲಜನಕದ ಉಗ್ರರೂಪಗಳು ಹುಟ್ಟಿ, ಬದುಕುಳಿದ ಕೋಶಗಳಲ್ಲಿ ಕೆಲವು ನಾಶವಾಗುತ್ತವೆ.

ಈ ಹಾನಿಯನ್ನು ತಗ್ಗಿಸಬಹುದೆಂಬ ಭರವಸೆ ಮೂಡಿದುದು 1986ರಲ್ಲಿ. ಅಮೆರಿಕದ ಮರಿ, ಜೆನಿಂಗ್ಸ್ ಮತ್ತು ರೈಮರ್ ಎಂಬವರು ನಾಯಿಯ ಪರಿಧಮನಿಯನ್ನು ಐದೈದು ನಿಮಿಷ ನಾಲ್ಕು ಬಾರಿ ಮುಚ್ಚಿ ತೆರೆದು, ಅನಂತರ 40 ನಿಮಿಷ ಮುಚ್ಚಿದರು. ಮೊದಲೇ ಹೀಗೆ ಸಜ್ಜುಗೊಳಿಸಿದ ಹೃದಯದಲ್ಲಿ ಸತ್ತ ಸ್ನಾಯುವಿನ ಪ್ರಮಾಣವು ಉಳಿದವುಗಳಲ್ಲಿದ್ದುದರ ಕಾಲುಭಾಗದಷ್ಟು ಮಾತ್ರವಾಗಿತ್ತು. ಇಂಥ ರಕ್ಷಣೆಗೆ ದೇಹದಲ್ಲೇ ಹುಟ್ಟುವ ಬ್ರಾಡಿಕೈನಿನ್ ಮೊದಲಾದ ವಸ್ತುಗಳು ನೆರವಾಗುತ್ತವೆಂದು ಮುಂದೆ ತಿಳಿದುಬಂದಿತು. ಬ್ರಾಡಿಕೈನಿನ್ ಒಂದು ಪೆಪ್ಟೈಡು. ಎಂದರೆ ಕೆಲವೇ ಅಮೈನೋ ಆಮ್ಲಗಳ ಕಿರುಸರಣಿ.

ಆಹಾರದ ಪ್ರೋಟೀನುಗಳೂ ಇಂಥ ಸರಣಿಗಳನ್ನು ಒಡಲಲ್ಲಿ ಅಡಗಿಸಿಕೊಂಡಿವೆ. ಜೀರ್ಣಕ್ರಿಯೆಯಿಂದಲೋ ಹುದುಗುವಿಕೆಯಿಂದಲೋ ಅವು ಬಿಡುಗಡೆಗೊಳ್ಳುತ್ತವೆ. 1995ರಲ್ಲಿ ಜಪಾನಿನ ಸಂಶೋಧಕರು ಹುಳಿಹಾಲಿನಿಂದ ಮೂರು ಮೂರು ಅಮೈನೋ ಆಮ್ಲಗಳ ಎರಡು ಪೆಪ್ಟೈಡುಗಳನ್ನು ಬೇರ್ಪಡಿಸಿದರು. ಆಂಜಿಯೋಟೆನ್ಸಿನ್ ಎಂಬ ನಾಳಸಂಕೋಚಕವನ್ನು ಸಿದ್ಧಗೊಳಿಸುವ ಕಿಣ್ವವನ್ನು ಅವು ತಡೆಯುತ್ತವೆ. ಬ್ರಾಡಿಕೈನಿನ್ನನ್ನು ಒಡೆಯುವುದೂ ಅದೇ ಕಿಣ್ವ. ಆದುದರಿಂದ ಕಿಣ್ವವು ತಗ್ಗಿದರೆ ಹೃದಯರಕ್ಷಕ ವಸ್ತುವು ಹೆಚ್ಚುಕಾಲ ಉಳಿಯಬೇಕೆಂಬುದು ಸಂಶೋಧಕರ ತರ್ಕ. ಈ ಕಿಣ್ವವನ್ನೇ ತಡೆಯುವ ಕ್ಯಾಪ್ಟೊಪ್ರಿಲ್ ಔಷಧದ ಮೂಲವು ಬ್ರೆಜಿಲಿನ ಮಂಡಲದ ಹಾವಿನ ವಿಷದ ಪೆಪ್ಟೈಡುಗಳಲ್ಲಿತ್ತೆಂಬುದನ್ನು ನೆನೆದರೆ ತರ್ಕವು ನಿರಾಧಾರವೆನ್ನಲಾಗದು.

ಆದರೂ ಪ್ರಯೋಗಶಾಲೆಗೂ ರೋಗಿಯ ಹಾಸಿಗೆಗೂ ದೂರ ಬಹಳ. 1900ರಲ್ಲಿ ರಷ್ಯದ ಗುಲೆವಿಚ್ ಮಾಂಸಸಾರದಲ್ಲಿ ಕಂಡುಹಿಡಿದ ಕಾರ್ನೊಸಿನ್ ಇದಕ್ಕೆ ಒಳ್ಳೆಯ ನಿದರ್ಶನ. ಎರಡೇ ಅಮೈನೋ ಆಮ್ಲಗಳ ಈ ಪೆಪ್ಟೈಡು, ರಕ್ತವಿಲ್ಲದ ಸ್ನಾಯುವಿನಲ್ಲಿ ಏರುವ ಆಮ್ಲೀಯತೆಯನ್ನು ತಗ್ಗಿಸಬಲ್ಲುದು. ದೇಹದಿಂದ ಹೊರತೆಗೆದ ಹೃದಯವನ್ನು ಪೋಷಕದ್ರವದಿಂದ ಬಡಿಯುವಂತೆ ಇರಿಸುವ ವಿಧಾನವೊಂದನ್ನು ಜರ್ಮನಿಯ ಲಾಂಗೆನ್‌ಡಾರ್ಫ್ 1895ರಲ್ಲಿ ರೂಪಿಸಿದ್ದನು. ಹಾಗೆ ಬಡಿಯುವ ಇಲಿಯ ಹೃದಯಗಳಿಗೆ ಕಾರ್ನೊಸಿನ್ ಒದಗಿಸಿದಾಗ ಅವು ಚೆನ್ನಾಗಿ ಚೇತರಿಸಿಕೊಂಡವು. ಆದರೆ ಮನುಷ್ಯನ ರಕ್ತದಲ್ಲಿ ಈ ಪೆಪ್ಟೈಡನ್ನು ಬೇಗನೆ ಒಡೆಯುವ ಕಿಣ್ವವೊಂದಿದೆ. ಇಲಿಯ ರಕ್ತದಲ್ಲಿ ಅದಿಲ್ಲ. ಇಲಿಗೆ ಒಲಿದ ಫಲವು ಮನುಷ್ಯನಿಗೂ ಒಲಿಯುವುದೆನ್ನಲು ಇಷ್ಟು ಸಾಲದು.

ಇನ್ನೊಂದು ತೊಡಕು ಕಾಲದ್ದು. ಪ್ರಯೋಗಗಳಲ್ಲಿ ರಕ್ಷಕವಸ್ತುವನ್ನು ಅನೇಕ ವೇಳೆ ರಕ್ತವನ್ನು ತಡೆಯುವ ಮೊದಲೇ, ಅಳೆದ ಪ್ರಮಾಣದಲ್ಲಿ ಕೊಡಲಾಗುತ್ತದೆ. ರೋಗಿಯು ವೈದ್ಯರ ಬಳಿ ಬರುವುದಾದರೋ ನಾಳವು ಮುಚ್ಚಿದ ಬಳಿಕ. ಊಟದ ಪೆಪ್ಟೈಡುಗಳಲ್ಲಿ ಬಹುಪಾಲು ಕರುಳನ್ನು ದಾಟುವ ಮುನ್ನವೇ ಒಡೆದುಹೋಗುತ್ತವೆ. ಮನೆಯ ಮೊಸರಿನಲ್ಲಿ ಯಾವ ಪೆಪ್ಟೈಡು ಎಷ್ಟಿರುವುದೆಂಬುದು ಹೆಪ್ಪಿನ ಸೂಕ್ಷ್ಮಜೀವಿಯನ್ನು ಅವಲಂಬಿಸಿದೆ.

ಆದಕಾರಣ ಈ ಸಂಶೋಧನೆಯನ್ನು ಮುಂದಿನ ಔಷಧಗಳಿಗೆ ದಾರಿಯೆಂದು ಗೌರವಿಸಬೇಕೇ ಹೊರತು ಇಂದಿನ ಚಿಕಿತ್ಸೆಯೆಂದು ಭ್ರಮಿಸಬಾರದು. ಆಹಾರದ ಯಾವ ಪೆಪ್ಟೈಡೂ ಮುಚ್ಚಿದ ಪರಿಧಮನಿಯನ್ನು ತೆರೆಯಲಾರದು. ಎದೆನೋವು ಬಂದಾಗ ಮಜ್ಜಿಗೆ ಕುಡಿದು ನೋಡೋಣವೆಂದು ಕಾಯುವ ಅರ್ಧಗಂಟೆಯಲ್ಲಿ ಸಾಯುವ ಸ್ನಾಯು ಮತ್ತೆ ಚಿಗುರುವುದಿಲ್ಲ. ಆ ಹೊತ್ತಿನಲ್ಲಿ ಆಸ್ಪತ್ರೆಯ ದಾರಿಯೇ ರಕ್ಷೆಯ ದಾರಿ.