ನಮ್ಮ ಮಾರಿಯೋ ಓಡಿದ್ದು ನಕಲಿ ಪೆಟ್ಟಿಗೆಯಲ್ಲಿ

ಹಳೆಯ ವಿಡಿಯೋ ಗೇಮ್ ಆಡಲು ಅಸಲಿ ಯಂತ್ರವೇ ಬೇಕೆ, ನಕಲಿ ಸಾಕೆ? ಮನೆಯಲ್ಲಿ ಎರಡನ್ನೂ ಇಟ್ಟುಕೊಂಡಿರುವ ನನ್ನನ್ನು ಗೆಳೆಯರು ಆಗಾಗ ಕೇಳುತ್ತಾರೆ. ಉತ್ತರ ಹೇಳುವ ಮೊದಲು ಪೆಟ್ಟಿಗೆ ಬಿಚ್ಚಿ ತೋರಿಸುತ್ತೇನೆ.

ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಜಪಾನಿನಲ್ಲಿ ಬಿಡುಗಡೆಯಾದದ್ದು 1983ರ ಜುಲೈನಲ್ಲಿ. ಒಳಗೆ ರಿಕೋ ಕಂಪನಿಯ ಎರಡು ಮುಖ್ಯ ಚಿಪ್‌ಗಳು: ಒಂದರದು ಲೆಕ್ಕ ಮತ್ತು ಸದ್ದು, ಇನ್ನೊಂದರದು ಚಿತ್ರ. ಲೆಕ್ಕದ ಚಿಪ್‌ಗೆ ಸಿಗುವ ಮೆಮೊರಿ ಬರೀ 2 ಕೆಬಿ. ತೈವಾನ್ ಮೊದಲಾದ ಕಡೆ ಇವನ್ನೇ ನಕಲು ಮಾಡಿದರು. ಮುಂದೆ ಇಡೀ ಸರ್ಕ್ಯೂಟನ್ನು ಒಂದೇ ಚಿಪ್‌ಗೆ ಇಳಿಸಿ ಮೇಲೆ ಕಪ್ಪು ಅಂಟು ಸುರಿದರು. ತೊಂಬತ್ತರ ದಶಕದಲ್ಲಿ ನಾವು ‘ಟಿವಿ ಗೇಮ್’ ಅನ್ನುತ್ತಿದ್ದದ್ದು ಇಂಥವನ್ನೇ. ‘9999 ಇನ್ 1’ ಕ್ಯಾಸೆಟ್‌ನಲ್ಲಿ ಇರುತ್ತಿದ್ದದ್ದು ಕೆಲವೇ ಆಟ. ಉಳಿದದ್ದೆಲ್ಲ ಅವೇ, ಬೇರೆ ಬೇರೆ ಹೆಸರಲ್ಲಿ.

ನಕಲಿ ಸಿಕ್ಕಿಬೀಳುವುದು ಸದ್ದಿನಲ್ಲಿ. ಫ್ಯಾಮಿಕಾಮ್‌ನ ರಾಗ ಹುಟ್ಟುವುದು ಚೌಕಾಕಾರದ ಅಲೆಗಳಿಂದ. ಅಲೆ ಪ್ರತಿ ಸುತ್ತಿನ ಅರ್ಧ ಹೊತ್ತು ಮೇಲಿದ್ದರೆ ಒಂದು ಬಗೆಯ ನಾದ, ಕಾಲು ಹೊತ್ತು ಇದ್ದರೆ ಇನ್ನೊಂದು. ಎಷ್ಟೋ ನಕಲಿ ಚಿಪ್‌ಗಳಲ್ಲಿ ಇವೆರಡೂ ಅದಲುಬದಲು. ಸ್ವರ ಅದೇ, ದನಿ ಬೇರೆ. ನಮ್ಮ ಕ್ಯಾಸೆಟ್‌ಗಳೂ ಜಪಾನಿನವುಗಳಂತೆ 60 ಪಿನ್ನಿನವು. ಹಾಗಾಗಿ ಮನೆಯ ಹಳೇ ಕ್ಯಾಸೆಟ್ಟನ್ನೇ ಅಸಲಿ ಫ್ಯಾಮಿಕಾಮ್‌ಗೆ ಹಾಕಿದೆ. ಅಕ್ಕ ಅಡುಗೆಮನೆಯಿಂದಲೇ ಕೂಗಿದಳು: “ಇದು ನಮ್ಮ ಮಾರಿಯೋ ಅಲ್ಲ ಕಣೋ!”

ಅಸಲಿಯನ್ನು ಸಾಕುವುದೂ ಸುಲಭವಲ್ಲ. ಅದರ ಅಡಾಪ್ಟರ್ ಜಪಾನಿನ 100 ವೋಲ್ಟ್‌ಗೆ ಮಾಡಿದ್ದು. ನಮ್ಮ 230 ವೋಲ್ಟ್‌ಗೆ ನೇರ ಸಿಕ್ಕಿಸಿದರೆ ಸುಟ್ಟೇಹೋಗುತ್ತದೆ, ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 1983ರ ಮಾದರಿಯಲ್ಲಿ ಆಂಟೆನಾ ಸಂಪರ್ಕ ಮಾತ್ರ, ಅದೂ ಜಪಾನಿನ ಚಾನೆಲ್‌ಗೆ. ಎವಿ ವೈರ್ ಹಾಕಬಹುದಾದ ಮಾದರಿ ಬಂದದ್ದು 1993ರಲ್ಲಿ. ತಯಾರಿಕೆ 2003ರಲ್ಲಿ, ಕಂಪನಿಯ ರಿಪೇರಿ 2007ರಲ್ಲಿ ನಿಂತವು. ಕೆಪಾಸಿಟರ್ ಒಣಗಿದರೆ ಬದಲಿಸಲು ಬೆಸುಗೆ ಬಲ್ಲವರನ್ನು ನಾವೇ ಹುಡುಕಬೇಕು. ಹಕ್ಕಿ ಹೊಡೆಯುವ ಬಂದೂಕಿನ ಆಟಕ್ಕಂತೂ ಅಸಲಿಯಾಗಲಿ ನಕಲಿಯಾಗಲಿ, ಹಳೇ ಡಬ್ಬಾ ಟಿವಿಯೇ ಆಗಬೇಕು. ಎಲ್‌ಇಡಿ ಪರದೆ ಚಿತ್ರ ತೋರಿಸುವಷ್ಟರಲ್ಲಿ ಬಂದೂಕು ನೋಡುವ ಗಳಿಗೆ ದಾಟಿರುತ್ತದೆ.

ಇವೆರಡರ ನಡುವೆ ಎಫ್‌ಪಿಜಿಎ ಎಂಬ ಮೂರನೆಯ ದಾರಿಯಿದೆ. ಈ ಚಿಪ್‌ನ ಒಳಜೋಡಣೆಯನ್ನೇ ಹಳೆಯ ಸರ್ಕ್ಯೂಟಿನಂತೆ ಹೊಂದಿಸಿಕೊಳ್ಳಬಹುದು. ಮಿಸ್ಟರ್ ಎಂಬ ಯೋಜನೆ ನಡೆಯುವುದು ಹೀಗೆಯೇ. ಬೆಲೆ ಮಾತ್ರ ಅಗ್ಗದ ನಕಲಿಯ ಎಷ್ಟೋ ಪಟ್ಟು.

ಹಾಗಾಗಿ ನನ್ನ ಉತ್ತರ ಹೀಗೆ: ಸಂಗೀತಗಾರ ಕೋಜಿ ಕೊಂಡೊ ಬರೆದ ಮಾರಿಯೋ ಬೇಕಿದ್ದರೆ ಅಸಲಿ ಕೊಳ್ಳಿ, ಅದೂ 1993ರ ಮಾದರಿ. ಬಾಲ್ಯದಲ್ಲಿ ಕೇಳಿದ ಮಾರಿಯೋ ಬೇಕಿದ್ದರೆ ನಕಲಿಯೇ ಸರಿ. ನಮ್ಮ ಪಾಲಿಗೆ ಅದೇ ಮೂಲ. ಮಕ್ಕಳ ಜೊತೆ ಭಾನುವಾರ ಕಾಂಟ್ರಾ ಆಡುವುದಷ್ಟೇ ಆಸೆಯಾದರೆ ನಕಲಿ ಧಾರಾಳ ಸಾಕು, ಉಳಿದ ದುಡ್ಡಿಗೆ ಗಟ್ಟಿಮುಟ್ಟಾದ ಎರಡನೇ ರಿಮೋಟ್ ತನ್ನಿ.